ಬೇರೆ ಯಾವ ಮಾತ್ರೆ ನುಂಗ್ತೀಯವ್ವಾ?

ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹೆಸರು ಮೂರ್ಛೆರೋಗದ ವೈದ್ಯರಿಗೆ ದೇಶವಿದೇಶಗಳಲ್ಲಿ ಗೊತ್ತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಆ ಭಾಗದ ಹಳ್ಳಿಗಳಲ್ಲಿ ಫಿಟ್ಸ್ ಬರುವವರನ್ನು ಹುಡುಕಿ ಚಿಕಿತ್ಸೆ ಕೊಟ್ಟರು. ಫಿನೋಬಾರ್ಬಿಟೋನ್ ಇಲ್ಲವೇ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲೂ ಬಹಳ ಜನರ ರೋಗವನ್ನು ಹತೋಟಿಗೆ ತರಬಹುದು ಎಂದು ತೋರಿಸಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ದೆವ್ವ ಮೆಟ್ಟಿದೆ ಎಂದು ತಾಯತ ಕಟ್ಟುವ, ಕೈಗೆ ಬೀಗದ ಕೈ ತುರುಕುವ ಊರುಗಳಲ್ಲಿ ದಿನಕ್ಕೊಂದು ಮಾತ್ರೆ ಬದುಕನ್ನು ಹಳಿಗೆ ತರುತ್ತದೆ ಎಂಬುದು ಸಣ್ಣ ಸುದ್ದಿಯಲ್ಲ.

ಅಂಥದೊಂದು ಮಾತ್ರೆಯನ್ನು ತಪ್ಪದೆ ನುಂಗುವ ಹೆಣ್ಣುಮಗಳೊಬ್ಬಳಿದ್ದಾಳೆ ಎಂದುಕೊಳ್ಳಿ. ಮೊದಲ ಮಗುವಿಗೆ ಒಂದೂವರೆ ವರ್ಷ. ಇನ್ನೊಂದು ಈಗಲೇ ಬೇಡ ಎಂದು ಆಶಾ ಕಾರ್ಯಕರ್ತೆಯಿಂದ ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆ ಇಸಿದುಕೊಂಡಳು. ಒಂದು ರಾತ್ರಿಯೂ ಬಿಡಲಿಲ್ಲ. ಆದರೂ ಕೆಲವು ತಿಂಗಳಲ್ಲಿ ಮುಟ್ಟು ನಿಂತಿತು. ಅತ್ತೆ, ಗಂಡ, ಕೊನೆಗೆ ನರ್ಸಮ್ಮ ಕೂಡ ಹೇಳುವ ಮಾತು ಒಂದೇ: "ಮಾತ್ರೆ ಮರೆತಿರ್ತೀಯ." ಅವಳು ಮರೆತಿರಲಿಲ್ಲ. ಒಂದು ಮಾತ್ರೆ ಇನ್ನೊಂದರ ಬಲ ಮುರಿದಿತ್ತು, ಅಷ್ಟೆ.

ಅದು ಹೇಗೆ? ನಾವು ನುಂಗಿದ ಔಷಧವನ್ನು ಒಡೆದು ಹೊರಗೆ ಹಾಕುವ ಕೆಲಸ ಲಿವರ್‌ನದು. ಆ ಕೆಲಸಕ್ಕೆ ಅಲ್ಲಿ ಕಿಣ್ವಗಳಿವೆ. ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮೆಜೆಪೀನ್, ಪ್ರಿಮಿಡೋನ್, ಆಕ್ಸ್‌ಕಾರ್ಬಜೆಪೀನ್ ಇವೆಲ್ಲ ಆ ಕಿಣ್ವಗಳನ್ನು ಹೆಚ್ಚಿಸುತ್ತವೆ. ಹತ್ತಾಳು ಸಾಕಾಗಿದ್ದ ಕೊಯ್ಲಿಗೆ ಇಪ್ಪತ್ತಾಳು ಇಳಿದರೆ ಸಂಜೆಗೆ ಮುಗಿಯಬೇಕಾದ ಗದ್ದೆ ಮಧ್ಯಾಹ್ನಕ್ಕೇ ಬಯಲಾಗುತ್ತದಲ್ಲ, ಹಾಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನುಗಳು ತಮ್ಮ ಕೆಲಸ ಮುಗಿಸುವ ಮೊದಲೇ ರಕ್ತದಿಂದ ಖಾಲಿಯಾಗುತ್ತವೆ. ಟೋಪಿರಮೇಟ್ ಕೂಡ ದಿನಕ್ಕೆ 200 ಮಿಲಿಗ್ರಾಂ ದಾಟಿದರೆ ಹೀಗೇ ಮಾಡುತ್ತದೆ. ಫಿಟ್ಸ್ ಮಾತ್ರೆಯನ್ನು ವೈದ್ಯರೇ ಬದಲಿಸಿದರೂ ಈ ಪರಿಣಾಮ ಮರುದಿನವೇ ಇಳಿಯುವುದಿಲ್ಲ; ಕಿಣ್ವಗಳು ಮೊದಲಿನ ಮಟ್ಟಕ್ಕೆ ಬರಲು ನಾಲ್ಕು ವಾರ ಬೇಕು ಎಂದು ಲೆಕ್ಕ ಹಿಡಿಯುತ್ತಾರೆ. ತೋಳಿನ ಚರ್ಮದಡಿ ಇಡುವ ಹಾರ್ಮೋನ್ ಕಡ್ಡಿಯೂ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ತುರ್ತು ಮಾತ್ರೆಯೂ ಈ ಔಷಧಗಳ ಮುಂದೆ ಸೊರಗುತ್ತವೆ.

ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. 1970ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳು ಬರೆದಿವೆ. ಫಿಟ್ಸ್‌ನ ಕೆಲವು ಔಷಧಗಳ ಜೊತೆ ಇಂಥ ಗರ್ಭನಿರೋಧಕ ಮಾತ್ರೆ ಸಾಮಾನ್ಯವಾಗಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ತಿಳಿದದ್ದು ಪುಸ್ತಕದಲ್ಲಿದೆ. ಅದು ತಲುಪಬೇಕಾದವಳಿಗೆ ತಲುಪಿಲ್ಲ.

ಲ್ಯಾಮೊಟ್ರಿಜೀನ್ ತೆಗೆದುಕೊಳ್ಳುವವರಲ್ಲಿ ಕತೆ ತಿರುಗುಮುರುಗು. ಇಲ್ಲಿ ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೊಜೆನ್ನೇ ಫಿಟ್ಸ್ ಔಷಧವನ್ನು ಬೇಗ ಹೊರಗೆ ಕಳಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧದಷ್ಟಕ್ಕೆ ಇಳಿದುಬಿಡಬಹುದು. ವರ್ಷಗಟ್ಟಲೆ ಫಿಟ್ಸ್ ಇಲ್ಲದೆ ನೆಮ್ಮದಿಯಾಗಿದ್ದವಳಿಗೆ ಮತ್ತೆ ಶುರುವಾಗುತ್ತದೆ. ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. ಅದರಲ್ಲಿ ಹಾರ್ಮೋನ್ ಇರುವುದು 21ರಲ್ಲಿ, ಉಳಿದ ಏಳು ಬರೀ ಕಬ್ಬಿಣಾಂಶದವು. ಆ ಏಳು ದಿನ ಲ್ಯಾಮೊಟ್ರಿಜೀನ್ ಪ್ರಮಾಣ ಮತ್ತೆ ಏರುತ್ತದೆ. ಕೆಲವರಿಗೆ ತಲೆಸುತ್ತು, ಕಣ್ಣಿಗೆ ಎರಡೆರಡು ಕಾಣುವುದು. ತಿಂಗಳಲ್ಲಿ ಮೂರು ವಾರ ಇಳಿತ, ಒಂದು ವಾರ ಏರಿಕೆ. ಅವಳು ಮಾತ್ರ ಇದನ್ನೆಲ್ಲ ಮುಟ್ಟಿನ ತೊಂದರೆ ಎಂದೋ, ನಿದ್ದೆಗೆಟ್ಟ ಫಲ ಎಂದೋ, ಯಾರದೋ ದೃಷ್ಟಿ ಎಂದೋ ತಿಳಿಯುತ್ತಾಳೆ.

ಹಾಗೆಂದು ಫಿಟ್ಸ್ ಮಾತ್ರೆಗಳೆಲ್ಲ ಹೀಗಲ್ಲ. ಲೆವೆಟಿರಾಸೆಟಮ್ ಗರ್ಭನಿರೋಧಕ ಮಾತ್ರೆಗೆ ಅಡ್ಡ ಬರುವುದಿಲ್ಲ. ಸೋಡಿಯಂ ವಾಲ್‌ಪ್ರೊಯೇಟ್ ಕೂಡ ಅದರ ಬಲ ಕುಗ್ಗಿಸುವುದಿಲ್ಲ. ಆದರೆ ವಾಲ್‌ಪ್ರೊಯೇಟ್‌ನ ತೊಡಕೇ ಬೇರೆ. ಬಸಿರಿನಲ್ಲಿ ಆ ಮಾತ್ರೆ ಮುಂದುವರಿದರೆ ಹತ್ತರಲ್ಲಿ ಒಂದು ಮಗುವಿಗೆ ಬೆನ್ನುಹುರಿ, ಹೃದಯ, ತುಟಿ-ಅಂಗುಳದಂಥ ಕಡೆ ದೊಡ್ಡ ನ್ಯೂನತೆ ಉಳಿಯುವ ಸಂಭವವಿದೆ; ಹತ್ತರಲ್ಲಿ ಮೂರು ನಾಲ್ಕು ಮಕ್ಕಳ ಮಾತು, ಕಲಿಕೆ ಹಿಂದೆ ಬೀಳಬಹುದು. ಅದಕ್ಕೇ 2018ರಲ್ಲಿ ಬ್ರಿಟನ್ ಕಟ್ಟುನಿಟ್ಟಿನ ನಿಯಮ ತಂದಿತು: ಬಸಿರಾಗಬಲ್ಲ ಹೆಣ್ಣಿಗೆ ವಾಲ್‌ಪ್ರೊಯೇಟ್ ಬರೆಯುವುದಾದರೆ ಗಟ್ಟಿಯಾದ ಗರ್ಭನಿರೋಧಕದ ಏರ್ಪಾಡು ಜೊತೆಗಿರಬೇಕು. ಹೀಗೆ ಕೆಲವು ಔಷಧಗಳಿಂದ ಗರ್ಭನಿರೋಧಕ ಸೋಲುತ್ತದೆ, ಇನ್ನೊಂದರಲ್ಲಿ ಗರ್ಭನಿರೋಧಕ ಸೋಲಲೇಬಾರದು. ಯಾವ ಕಡೆಯಿಂದ ನೋಡಿದರೂ ಈ ಎರಡು ಮಾತ್ರೆಗಳ ವಿಚಾರ ಒಟ್ಟಿಗೆ ಕೂತು ಮಾತಾಡಬೇಕಾದದ್ದು.

ನಮ್ಮಲ್ಲಿ ಆಗುವುದು ಬೇರೆ. ಫಿಟ್ಸ್ ಮಾತ್ರೆ ಬರೆಯುವವರು ಜಿಲ್ಲಾ ಆಸ್ಪತ್ರೆಯಲ್ಲೋ ನಿಮ್ಹಾನ್ಸ್‌ನಲ್ಲೋ ಇರುತ್ತಾರೆ. ಅವರೆದುರಿನ ಸಾಲು ಹೊರಬಾಗಿಲು ದಾಟಿರುತ್ತದೆ. ಗರ್ಭನಿರೋಧಕ ಕೊಡುವವರು ಊರಿನ ಉಪಕೇಂದ್ರದಲ್ಲಿರುತ್ತಾರೆ. ತಾಯಿ ಕಾರ್ಡ್ ಒಂದು ಚೀಲದಲ್ಲಿ, ನರರೋಗದ ಚೀಟಿ ಇನ್ನೊಂದರಲ್ಲಿ. ಎರಡೂ ಕಾಗದ ಒಂದು ಮೇಜಿನ ಮೇಲೆ ಸೇರುವುದೇ ಇಲ್ಲ. ಸೇರಬೇಕೆಂದು ಆಕೆ ಬಯಸುವುದೂ ಇಲ್ಲ. ಮದುವೆಗೆ ಮುಂಚೆ ತವರಿನವರು ಕಾಯಿಲೆ ಮುಚ್ಚಿಟ್ಟಿರುತ್ತಾರೆ. ಗಂಡನ ಮನೆಯಲ್ಲಿ ಆ ಮಾತ್ರೆ ಸೀರೆಯ ಮಡಿಕೆಯಲ್ಲಿ ಕೂರುತ್ತದೆ. ಕೇಳಿದವರಿಗೆ ರಕ್ತ ಕಮ್ಮಿ, ಶಕ್ತಿ ಮಾತ್ರೆ ಎಂಬ ಉತ್ತರ ಸಿದ್ಧ. ಅದೇ ಊರಿನ, ಅದೇ ಬೀದಿಯ ಆಶಾ ಕಾರ್ಯಕರ್ತೆಗೆ ನಿಜ ಹೇಳಿದರೆ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುವುದಿಲ್ಲವೆಂದು ನಂಬುವುದು ಹೇಗೆ?

ಆ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವ ಹಾಗಿಲ್ಲ. ಅದರ ಬೇರು ಕಾನೂನಿನಲ್ಲೂ ಇತ್ತು. ಹಿಂದೂ ವಿವಾಹ ಕಾಯ್ದೆ ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಸ್ಥಿತಿಗಳಲ್ಲಿ ಮತ್ತೆ ಮತ್ತೆ ಬರುವ ಮೂರ್ಛೆಯೂ ಒಂದಾಗಿತ್ತು. 1999ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಮದುವೆಗೆ ಅನರ್ಹರಲ್ಲ. ಆದರೆ ಕಾಯ್ದೆ ಬದಲಾದಷ್ಟು ಬೇಗ ಸೀರೆಯ ಮಡಿಕೆ ಬಿಚ್ಚಿಕೊಳ್ಳುವುದಿಲ್ಲ. ಮುಚ್ಚಿಟ್ಟ ಮಾತ್ರೆಗೆ ಯಾವ ಮಾರ್ಗಸೂಚಿಯೂ ದಾರಿ ತೋರಿಸಲಾರದು.

ಬೇಸರದ ಸಂಗತಿಯೆಂದರೆ ಪರಿಹಾರವೂ ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವಂಥದು. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ಅದು ಕೆಲಸ ಮಾಡುವುದು ಗರ್ಭಕೋಶದಲ್ಲಿ. ಲಿವರ್‌ನ ಕಿಣ್ವಗಳ ಗೊಡವೆ ಅದಕ್ಕಿಲ್ಲ. 380ಎ ಎಂಬುದನ್ನು ಒಮ್ಮೆ ಹಾಕಿಸಿಕೊಂಡರೆ ಹತ್ತು ವರ್ಷದವರೆಗೆ ಚಿಂತೆಯಿಲ್ಲ, ಮಗು ಬೇಕೆನಿಸಿದ ದಿನ ತೆಗೆಸಬಹುದು. ಮುನ್ನೆಚ್ಚರಿಕೆ ತಪ್ಪಿದ ರಾತ್ರಿಯ ನಂತರವೂ ಐದು ದಿನದೊಳಗೆ ಹಾಕಿಸಿಕೊಂಡರೆ ತುರ್ತು ಮಾತ್ರೆಗಿಂತ ಗಟ್ಟಿ. ಗರ್ಭಕೋಶದೊಳಗೇ ಹಾರ್ಮೋನ್ ಬಿಡುವ ಸಾಧನ ಖಾಸಗಿಯಲ್ಲಿ ದುಬಾರಿ, ಆದರೆ ಅದನ್ನೂ ಈ ಔಷಧಗಳು ಕೆಡಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು 2017ರಿಂದ ಸರ್ಕಾರಿ ವ್ಯವಸ್ಥೆಯಲ್ಲಿದೆ. ಫಿಟ್ಸ್ ಔಷಧದ ಜೊತೆಗೂ ಅದರ ಬಲ ಉಳಿಯುತ್ತದೆ. ಅದರಿಂದ ಮುಟ್ಟು ಏರುಪೇರಾಗಬಹುದು, ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗಬಹುದು; ಹಳೆಯ ಫಿಟ್ಸ್ ಮಾತ್ರೆಗಳೂ ಮೂಳೆಯನ್ನು ಬಡವಾಗಿಸುವುದರಿಂದ ವರ್ಷಗಟ್ಟಲೆ ಮುಂದುವರಿಸುವ ಮುನ್ನ ವೈದ್ಯರೊಡನೆ ಮಾತಾಡುವುದು ಒಳ್ಳೆಯದು. ಗಂಡ ಬಳಸುವ ನಿರೋಧ್ ಯಾವ ಔಷಧದೊಂದಿಗೂ ಜಗಳವಾಡುವುದಿಲ್ಲ. ಗಂಡಸರ ಹೊಲಿಗೆಯಿಲ್ಲದ ಆಪರೇಷನ್ನೂ ಅಷ್ಟೆ. ಆದರೂ ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆ ಎಂದರೆ ಬಹುಪಾಲು ಹೆಂಗಸರ ಆಪರೇಷನ್ನೇ. ಮಾತ್ರೆಗೆ ಮಾತ್ರೆ ಹೊಂದದಿದ್ದಾಗ ಲೆಕ್ಕ ಹಾಕಬೇಕಾದವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ.

ಇದನ್ನೆಲ್ಲ ಓದಿ ಯಾರೂ ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಬಿಡದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ವಾಲ್‌ಪ್ರೊಯೇಟ್‌ಗೂ ಇದೇ ಮಾತು. ಬದಲಿಸುವುದಿದ್ದರೆ ವೈದ್ಯರು ನಿಧಾನವಾಗಿ ಬದಲಿಸುತ್ತಾರೆ. ಫಿಟ್ಸ್ ಇರುವವಳಿಗೆ ಮಗುವೇ ಬೇಡ ಎನ್ನುವ ಮಾತೂ ತಪ್ಪು. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆ 1998ರಿಂದ ಮೂರ್ಛೆರೋಗವಿರುವ ಬಸುರಿಯರ ದಾಖಲೆ ಇಡುತ್ತ ಬಂದಿದೆ. ಇಂಥ ತಾಯಂದಿರಲ್ಲಿ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಬೇಕಾದದ್ದು ಸಿದ್ಧತೆ: ಮಗು ಬೇಕೆಂದುಕೊಳ್ಳುವ ಮೊದಲೇ ಔಷಧದ ಮರುಪರಿಶೀಲನೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಫೋಲಿಕ್ ಆಸಿಡ್. ಆ ಸಿದ್ಧತೆಗೆ ಸಮಯ ಬೇಕು. ಆ ಸಮಯವನ್ನು ಕೊಡುವುದೇ ಕೈಕೊಡದ ಗರ್ಭನಿರೋಧಕ. ಬೇಡವೆನ್ನಲು ಮಾತ್ರವಲ್ಲ, ಬೇಕಾದಾಗ ಚೆನ್ನಾಗಿ ಪಡೆಯಲೂ ಅದು ಬೇಕು.

ಇಷ್ಟು ದೊಡ್ಡ ತೊಡಕಿಗೆ ಆರಂಭವಾಗಿ ಬೇಕಿರುವುದು ಒಂದು ಪ್ರಶ್ನೆ. ಮಾಲಾ-ಎನ್ ಪಟ್ಟಿ ಕೈಗಿಡುವ ಮೊದಲು ಆಶಾ ಕಾರ್ಯಕರ್ತೆ, ಅತ್ತೆ ಪಕ್ಕದಲ್ಲಿಲ್ಲದ ಹೊತ್ತು ನೋಡಿ, "ಬೇರೆ ಯಾವ ಮಾತ್ರೆ ನುಂಗ್ತೀಯವ್ವಾ?" ಎನ್ನಬೇಕು. ನರರೋಗದ ವೈದ್ಯರು ಹರೆಯದ ಹೆಣ್ಣುಮಗಳಿಗೆ ಚೀಟಿ ಬರೆಯುವಾಗ, ಅಪ್ಪನನ್ನೋ ಗಂಡನನ್ನೋ ಐದು ನಿಮಿಷ ಹೊರಗೆ ಕೂರಿಸಿ, "ಮಕ್ಕಳಾಗದ ಹಾಗೆ ಏನಾದರೂ ಬಳಸುತ್ತಿದ್ದೀರಾ?" ಎಂದು ಕೇಳಬೇಕು. ಮೆಡಿಕಲ್ ಅಂಗಡಿಯವರು ತುರ್ತು ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿಕೊಡುವ ಮುಂಚೆ ಆಶಾ ಕಾರ್ಯಕರ್ತೆಯ ಪ್ರಶ್ನೆಯನ್ನೇ ಹಾಕಬಹುದು. ಯಾರೂ ಕೇಳದಿದ್ದರೆ ಆಕೆಯೇ ಎರಡೂ ಮಾತ್ರೆಯ ಖಾಲಿ ಪಟ್ಟಿಗಳನ್ನು ಒಟ್ಟಿಗೆ ಒಯ್ದು ಮೇಜಿನ ಮೇಲಿಡಬಹುದು. ಹೆಸರು ಓದಲು, ಹೇಳಲು ಬಾರದಿದ್ದರೂ ಅಷ್ಟು ಸಾಕು.

ಉತ್ತರ ಬರಬೇಕಾದರೆ, ಹೇಳಿದ್ದು ಆ ಕೋಣೆಯ ಆಚೆ ಹೋಗುವುದಿಲ್ಲ ಎಂಬ ಭರವಸೆ ಅವಳಿಗೆ ಬೇಕು. ಅದಕ್ಕೆ ಖರ್ಚಿಲ್ಲ, ತರಬೇತಿಯೂ ದೊಡ್ಡದಲ್ಲ. ಅದನ್ನು ಕೊಡಬೇಕಾದವರು ಮಾತ್ರೆ ಕೊಡುವವರೇ. ಅಲ್ಲಿಯವರೆಗೆ "ಮರೆತಿರ್ತೀಯ" ಎಂದು ಬೈಯುವ ಅಧಿಕಾರ ಯಾರಿಗೂ ಇಲ್ಲ.