ಮುಖ್ಯೋಪಾಧ್ಯಾಯನೂ ಆಚಾರ್ಯತ್ವವೂ

ಪ್ರೌಢಶಾಲೆಯ ಮುಖ್ಯೋಪಾಧ್ಯಾಯನು ಅಂಜಿಕೆಯಿಂದ ಆಳಬೇಕೇ, ವಿಶ್ವಾಸದಿಂದ ನಡೆಸಬೇಕೇ ಎಂಬುದು ಬರಿಯ ಆಡಳಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಕಠಿಣನಾದವನ ಶಾಲೆಯಲ್ಲಿ ವೇಳೆ ತಪ್ಪುವುದಿಲ್ಲ, ಪಾಠ ಹಿಂದುಳಿಯುವುದಿಲ್ಲ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನೂರಕ್ಕೆ ಇಷ್ಟು ಮಂದಿ ತೇರ್ಗಡೆಯಾದರೆಂದು ಫಲಕದ ಮೇಲೆ ಬರೆಯಬಹುದು. ಫಲವು ದೊರೆತಮೇಲೆ ಉಪಾಯವನ್ನು ಏಕೆ ಶೋಧಿಸಬೇಕೆನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಸಹಚರರೂ ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಬಾಲಕರ ಕೂಟಗಳನ್ನು ಮೂರು ಬಗೆಯ ನಾಯಕತ್ವಕ್ಕೆ ಒಳಪಡಿಸಿ ನೋಡಿದರು. ಅದರ ವೃತ್ತಾಂತವು 1939ರಲ್ಲಿ ಪ್ರಕಟವಾಯಿತು. ಒಂದರಲ್ಲಿ ನಾಯಕನು ಆಜ್ಞಾಪಿಸಿದನು. ಇನ್ನೊಂದರಲ್ಲಿ ಬಾಲಕರೊಡನೆ ಆಲೋಚಿಸಿ ನಡೆಸಿದನು. ಮತ್ತೊಂದರಲ್ಲಿ ಎಲ್ಲವನ್ನೂ ಅವರಿಗೇ ಬಿಟ್ಟನು. ಆಜ್ಞಾಪಕನ ಎದುರಿನಲ್ಲಿ ಕೆಲಸವು ಚೆನ್ನಾಗಿಯೇ ಸಾಗಿ, ಅವನು ಕೋಣೆಯಿಂದ ಹೊರಟೊಡನೆ ಕುಸಿಯಿತು. ಆಲೋಚಿಸಿ ನಡೆಸಿದವನು ಹೊರಗೆ ಹೋದಾಗಲೂ ಅದು ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು.

ಅವು ಹವ್ಯಾಸದ ಕೂಟಗಳೇ ಹೊರತು ಶಾಲೆಗಳಲ್ಲವೆಂದು ಆಕ್ಷೇಪಿಸಬಹುದು. ಶಾಲೆಗಳ ವಿಷಯದಲ್ಲಿಯೇ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಎಂಬ ವಿದುಷಿಯೂ ಆಕೆಯ ಸಹಚರರಿಬ್ಬರೂ ಹಲವರು ಮಾಡಿದ ಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ, 2008ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮುಖ್ಯೋಪಾಧ್ಯಾಯನ ನಾನಾ ಕಾರ್ಯಗಳಲ್ಲಿ ವಿದ್ಯಾರ್ಥಿಗಳ ಕಲಿಕೆಗೆ ಅತ್ಯಂತ ನಿಕಟವಾದುದು ಯಾವುದು? ಉಪಾಧ್ಯಾಯರ ಕಲಿಕೆಯನ್ನು ಪ್ರೋತ್ಸಾಹಿಸಿ, ತಾನೂ ಅವರೊಡನೆ ಕುಳಿತು ಕಲಿಯುವುದು.

ಇದು ನಮ್ಮ ಪೂರ್ವಿಕರಿಗೆ ಹೊಸ ಮಾತಲ್ಲ. ಯಾಸ್ಕನು ನಿರುಕ್ತದಲ್ಲಿ ಆಚಾರ್ಯಶಬ್ದಕ್ಕೆ ಕೊಡುವ ಮೊದಲನೆಯ ಅರ್ಥವು, ಆಚಾರವನ್ನು ಗ್ರಹಿಸುವಂತೆ ಮಾಡತಕ್ಕವನು ಎಂಬುದು. ಗ್ರಹಿಸಿದುದು ಶಿಷ್ಯನ ಸ್ವತ್ತಾಗುತ್ತದೆ. ಹೇರಿದುದು ಹೇರಿದವನೊಡನೆಯೇ ಹೊರಟುಹೋಗುತ್ತದೆ. ಮೇಲಿನವನಿಗೆ ಅಂಜಿದ ಉಪಾಧ್ಯಾಯನು ತನಗೆ ತಿಳಿಯದುದನ್ನು ಮುಚ್ಚಿಡುತ್ತಾನೆ. ಅವನ ತರಗತಿಯ ಹುಡುಗನೂ ಅದನ್ನೇ ಕಲಿತು, ಸಂಶಯವನ್ನು ನುಂಗಿಕೊಂಡು ಉತ್ತರವನ್ನು ಉರುಹೊಡೆಯುತ್ತಾನೆ. ತೇರ್ಗಡೆಯಾದವರ ಲೆಕ್ಕದಲ್ಲಿ ಈ ನಷ್ಟವು ಕಾಣಿಸುವುದಿಲ್ಲ. ಹುಡುಗನು ಮಾತ್ರ ಅದನ್ನು ಬಾಳೆಲ್ಲ ಹೊರುತ್ತಾನೆ.

ಹಾಗೆಂದು ಶಿಸ್ತು ಬೇಡವೆಂದಲ್ಲ. ಎಲ್ಲವನ್ನೂ ಬಿಟ್ಟುಕೊಟ್ಟ ಅಯೋವಾದ ಕೂಟಗಳಲ್ಲಿ ಕೆಲಸವೂ ಕಡಿಮೆಯಾಗಿತ್ತು. ಅಂಥ ಉದಾಸೀನವು ಔದಾರ್ಯವಲ್ಲ, ಕರ್ತವ್ಯಲೋಪ. ತಪ್ಪನ್ನು ತಿದ್ದುವ ಅಧಿಕಾರವು ಮುಖ್ಯೋಪಾಧ್ಯಾಯನಲ್ಲಿ ಇರತಕ್ಕದ್ದೇ. ಆದರೆ ತಪ್ಪನ್ನು ನಿರ್ಭಯವಾಗಿ ಹೇಳಿಕೊಳ್ಳಬಹುದಾದ ಶಾಲೆಯಲ್ಲಿ ಮಾತ್ರ ಆ ಅಧಿಕಾರವು ಸಾರ್ಥಕವಾದೀತು.

ಮುಖ್ಯೋಪಾಧ್ಯಾಯನ ಯೋಗ್ಯತೆಯನ್ನು ಅಳೆಯಬಯಸುವವರು ಫಲಕವನ್ನು ಓದಿಕೊಂಡು ಹಿಂದಿರುಗದಿರಲಿ. ಆತನು ಊರಲ್ಲಿಲ್ಲದ ದಿನ ಒಮ್ಮೆ ಶಾಲೆಗೆ ಹೋಗಿ ನೋಡಲಿ.