ಪದವಿ ಕಳೆದ ಬಳಿಕ ಉಳಿಯುವ ಸಂಪತ್ತು

ಅರ್ಥವನ್ನು ಗಳಿಸುವುದು ದೋಷವಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಚತುರ್ವಿಧ ಪುರುಷಾರ್ಥಗಳಲ್ಲಿ ಅರ್ಥಕ್ಕೂ ಪ್ರಾಚೀನರು ಗೌರವದ ಸ್ಥಾನವನ್ನೇ ಕೊಟ್ಟಿದ್ದಾರೆ. ಹಸಿದ ಒಡಲಿನಲ್ಲಿ ಶಿವಧ್ಯಾನವು ನೆಲೆನಿಲ್ಲುವುದು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. ಆದರೆ ಬಯಸಿದುದೆಲ್ಲವೂ ಕೈಗೂಡಿದ ಮೇಲೂ ಅಂತರಂಗದಲ್ಲಿ ಏನೋ ಒಂದು ಬರಿದಾಗಿಯೇ ಉಳಿಯುವುದೇತಕ್ಕೆ? ಈ ಪ್ರಶ್ನೆಯನ್ನು ಕೇಳುವವನು ಸೋತವನಲ್ಲ, ಗೆದ್ದವನು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ತನ್ನ ಐಶ್ವರ್ಯವನ್ನು ಇಬ್ಬರು ಪತ್ನಿಯರಿಗೂ ಹಂಚಿಕೊಟ್ಟು ಹೊರಡಲು ಸಿದ್ಧನಾದಾಗ ಮೈತ್ರೇಯಿಯು ಕೇಳಿದುದೂ ಇದನ್ನೇ. ಧನದಿಂದ ತುಂಬಿದ ಭೂಮಂಡಲವೇ ತನ್ನದಾದರೂ ಅದರಿಂದ ಅಮೃತತ್ವವು ಲಭಿಸುವುದೇ ಎಂಬುದು ಆಕೆಯ ಪ್ರಶ್ನೆ. ಲಭಿಸದೆಂದು ಋಷಿಯು ಮುಚ್ಚುಮರೆಯಿಲ್ಲದೆ ಉತ್ತರಿಸಿದನು.

ಕಡೂರು, ತರೀಕೆರೆ, ಅಜ್ಜಂಪುರಗಳ ಗೃಹಸ್ಥರಿಗೆ ಈ ಪ್ರಶ್ನೆಯು ಇಂದು ಗ್ರಂಥದಲ್ಲಿ ಮಾತ್ರ ಇಲ್ಲ. ಅದು ಮನೆಯ ಬಾಗಿಲಿಗೇ ಬಂದಿದೆ. ಕಡೂರಿನ ಬಯಲಿನಲ್ಲಿ ಮುಗಿಲನ್ನು ನೋಡುತ್ತ ತೆಂಗನ್ನು ಸಾಕಿದವರು, ತರೀಕೆರೆಯ ಸೀಮೆಯಲ್ಲಿ ಅಡಕೆಯ ತೋಟ ಮಾಡಿದವರು, ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಬೆಳೆದು ಪೇಟೆಯ ಧಾರಣೆಯ ಏರಿಳಿತವನ್ನು ಸಹಿಸಿದವರು ತಮ್ಮ ಮಕ್ಕಳನ್ನು ಓದಿಸಿದರು. ಮಕ್ಕಳು ಬೆಂಗಳೂರಿಗೂ ಪರದೇಶಗಳಿಗೂ ಹೋಗಿ ದೊಡ್ಡ ಹುದ್ದೆಗಳನ್ನು ಪಡೆದರು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅಂತಹ ಒಬ್ಬ ಅಧಿಕಾರಿಯು ಅರುವತ್ತು ವರ್ಷ ತುಂಬಿ ನಿವೃತ್ತನಾಗಿ ಊರಿಗೆ ಮರಳಿದನೆಂದು ಭಾವಿಸೋಣ. ಮನೆಯಿದೆ, ವಾಹನವಿದೆ, ತಿಂಗಳು ತಿಂಗಳಿಗೆ ನಿವೃತ್ತಿವೇತನವೂ ಬರುತ್ತದೆ. ಆದರೂ ನಿನ್ನೆಯವರೆಗೆ ಅವನ ಕೊಠಡಿಯ ಮುಂದೆ ಕಾದು ನಿಲ್ಲುತ್ತಿದ್ದವರು ಇಂದು ಬೇರೊಬ್ಬನ ಕೊಠಡಿಯ ಮುಂದೆ ನಿಂತಿದ್ದಾರೆ. ಆ ನಮಸ್ಕಾರಗಳು ತನಗೆ ಸಲ್ಲುತ್ತಿದ್ದವೆಂದು ಅವನು ಮೂವತ್ತು ವರ್ಷ ನಂಬಿದ್ದನು. ಅವು ಕುರ್ಚಿಗೆ ಸಲ್ಲುತ್ತಿದ್ದವೆಂಬುದು ಒಂದೇ ದಿನದಲ್ಲಿ ತಿಳಿಯಿತು. ಆ ದಿನ ಅವನ ಬಳಿ ಉಳಿದುದೇನು? ಬಾಳಿನ ಸಾರ್ಥಕತೆಯನ್ನು ಅಳೆಯಲು ಇದಕ್ಕಿಂತ ನೇರವಾದ ಒರೆಗಲ್ಲು ಮತ್ತೊಂದಿಲ್ಲ.

ಈ ಒರೆಗಲ್ಲಿಗೆ ಹಚ್ಚಿ ನೋಡಲು ತರೀಕೆರೆಯ ಸೀಮೆಯಲ್ಲಿಯೇ ಎರಡು ನಿದರ್ಶನಗಳುಂಟು. ಎರಡೂ ಹನ್ನೆರಡನೆಯ ಶತಮಾನಕ್ಕೆ ಸೇರಿದವು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಆ ದಂಡನಾಯಕನಿಗೆ ಸೇನೆಯಿತ್ತು, ಅರಸನ ಮನ್ನಣೆಯಿತ್ತು, ಭಂಡಾರವೂ ಇದ್ದಿರಬೇಕು. ಸೇನೆಯು ಚದುರಿತು, ಅರಸನು ಅಳಿದನು, ಸಾಮ್ರಾಜ್ಯವೇ ಇಲ್ಲವಾಯಿತು. ಅವನು ತನಗಾಗಿ ಇಟ್ಟುಕೊಂಡುದು ಎಲ್ಲಿ ಹೋಯಿತೆಂಬುದನ್ನು ಇಂದು ಬಲ್ಲವರಿಲ್ಲ. ತನ್ನದಲ್ಲವೆಂದು ಕೊಟ್ಟುದು ಮಾತ್ರ ನಿಂತಿದೆ.

ಎಲ್ಲರೂ ದಂಡನಾಯಕರಾಗಲಾರರು, ಶಿಲೆಯೂ ಚಿರವಲ್ಲ. ಎರಡನೆಯ ನಿದರ್ಶನವು ಇದಕ್ಕಿಂತ ಆಳವಾದುದು. ಬಸವಣ್ಣನವರ ಸಹೋದರಿಯೂ ಚೆನ್ನಬಸವಣ್ಣನವರ ತಾಯಿಯೂ ಆದ ಅಕ್ಕನಾಗಮ್ಮನವರು ಕಲ್ಯಾಣದ ಮಹಾಮನೆಯಲ್ಲಿ ಬಾಳಿದವರು. ಬಿಜ್ಜಳನ ಭಂಡಾರಿಯ ಮನೆಯೆಂದರೆ ನಾಡಿನ ಅತ್ಯುನ್ನತ ಪದವಿಯ ಮನೆ. ಕಲ್ಯಾಣದ ವಿಪ್ಲವದಲ್ಲಿ ಆ ಪದವಿ, ಆ ಮನೆ, ಆ ನಗರ ಎಲ್ಲವೂ ಕೈಬಿಟ್ಟವು. ಶರಣರೊಡನೆ ಉಳವಿಯತ್ತ ಸಾಗಿದ ಆ ತಾಯಿಯು ಕೊನೆಗೆ ತರೀಕೆರೆಯ ಎಣ್ಣೆಹೊಳೆಯ ದಡದಲ್ಲಿ ನೆಲೆಸಿ ಲಿಂಗೈಕ್ಯರಾದರೆಂಬುದು ಪರಂಪರೆಯ ನಂಬಿಕೆ. ಭಕ್ತರು ಇಂದಿಗೂ ಅವರ ಗದ್ದುಗೆಯನ್ನು ಅಲ್ಲಿ ದರ್ಶಿಸುತ್ತಾರೆ. ಮಹಾಮನೆಯಿಂದ ಹೊಳೆಯ ದಡಕ್ಕೆ ಬಂದ ಆ ಜೀವವನ್ನು ಲೋಕದೃಷ್ಟಿಯು ಪತನವೆಂದು ಎಣಿಸೀತು. ಆದರೆ ಶರಣಪರಂಪರೆಯು ಅವರನ್ನು ಭಾಗ್ಯವಳಿದವರೆಂದು ಎಂದೂ ಕನಿಕರಿಸಲಿಲ್ಲ, ಅಕ್ಕನೆಂದು ನಮಿಸಿತು. ಮಹಾಮನೆಯಲ್ಲಿದ್ದಾಗಲೂ ಅವರ ಸಂಪತ್ತು ದಾಸೋಹವೇ ಆಗಿದ್ದಿತು. ಅದನ್ನು ಕಸಿದುಕೊಳ್ಳುವ ಶಕ್ತಿ ಯಾವ ವಿಪ್ಲವಕ್ಕೂ ಇರಲಿಲ್ಲ.

ಹಾಗಾದರೆ ಪದವಿಯನ್ನು ತೊರೆಯುವುದೇ ಸಾರ್ಥಕತೆಯ ಮಾರ್ಗವೇ? ಅಲ್ಲವೆಂಬುದಕ್ಕೆ ಬಸವಣ್ಣನವರೇ ಸಾಕ್ಷಿ. ಅವರು ಭಂಡಾರಿಗಳಾಗಿದ್ದುಕೊಂಡೇ ಭಕ್ತಿಭಂಡಾರಿಗಳೂ ಆದರು. ಇತ್ತ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆ ಮಾರುವ ಕಾಯಕವನ್ನು ಕೈಕೊಂಡರೆಂದು ಚರಿತೆಗಳು ಹೇಳುತ್ತವೆ. ಒಬ್ಬರು ಪದವಿಯಲ್ಲಿದ್ದರು, ಒಬ್ಬರು ಪದವಿಯನ್ನು ಬಿಟ್ಟರು. ಅನುಭವಮಂಟಪವು ಇಬ್ಬರನ್ನೂ ಸಮಾನವಾಗಿ ಕಂಡಿತು. ಆದುದರಿಂದ ವಿಚಾರಿಸಬೇಕಾದುದು ಹುದ್ದೆಯ ಎತ್ತರವನ್ನಲ್ಲ; ಅದು ಕಾಯಕವಾಗಿದೆಯೇ, ಬರಿಯ ಗಳಿಕೆಯಾಗಿದೆಯೇ ಎಂಬುದನ್ನು.

ಇವೆರಡರ ಅಂತರವನ್ನು ನುಲಿಯ ಚಂದಯ್ಯನವರ ಚರಿತೆಯು ಸ್ಪಷ್ಟಪಡಿಸುತ್ತದೆ. ಅಜ್ಜಂಪುರಕ್ಕೆ ನೆರೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರು ಈ ಶರಣರ ನೆನಹನ್ನು ಉಳಿಸಿಕೊಂಡು ಬಂದಿದೆ. ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಿಂದ ಜಂಗಮದಾಸೋಹ ಮಾಡುವುದು ಅವರ ನಿತ್ಯನೇಮ. ಒಮ್ಮೆ ಅವರ ಹಗ್ಗಕ್ಕೆ ಬಸವಣ್ಣನವರ ಮನೆಯಲ್ಲಿ ಬೆಲೆಗೆ ಬಹಳ ಮೀರಿದ ಹೊನ್ನು ದೊರೆಯಿತಂತೆ. ಚಂದಯ್ಯನವರು ಅದಕ್ಕೆ ಒಪ್ಪಲಿಲ್ಲ. ಹೊನ್ನು ಹೆಚ್ಚಾದರೆ ದಾಸೋಹವೂ ಹೆಚ್ಚಲಿಲ್ಲವೇ ಎಂದು ಲೌಕಿಕನು ಕೇಳಿಯಾನು. ಆದರೆ ತನ್ನ ಬೆವರಿನ ಸತ್ಯವಿಲ್ಲದ ಧನವನ್ನು ಕೊಡುವುದು ದಾನವೆನಿಸಬಹುದೇ ಹೊರತು ದಾಸೋಹವೆನಿಸದು. ದುಡಿಮೆಗೂ ಪ್ರತಿಫಲಕ್ಕೂ ಇರುವ ಋಜುವಾದ ನಂಟು ಹರಿದರೆ, ಮನಸ್ಸು ಹಗ್ಗವನ್ನು ಮರೆತು ಹೊನ್ನನ್ನೇ ಹೊಸೆಯತೊಡಗುತ್ತದೆ. ಗೆದ್ದವನ ಅಂತರಂಗದ ಬರಿದು ಹುಟ್ಟುವುದು ಇಲ್ಲಿಯೇ. ಹಗ್ಗವು ಗಟ್ಟಿಯಾಗಿ ಸಿದ್ಧವಾದರೆ ಹಗ್ಗ ಹೊಸೆಯುವವನಿಗೆ ಅಂದಿನ ತೃಪ್ತಿಯುಂಟು. ಹೊನ್ನನ್ನು ಹೊಸೆಯುವವನಿಗೆ ನೆರೆಯವನ ಹೊನ್ನೇ ಅಳತೆಗೋಲಾದುದರಿಂದ ಆ ಕೆಲಸಕ್ಕೆ ಮುಗಿವೆಂಬುದಿಲ್ಲ.

ಸಾಕೆಂಬ ಅರಿವು ಒಬ್ಬನಿಂದಲೇ ಸಾಧ್ಯವಾಗುವುದೂ ಅಪೂರ್ವ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ತಿಳಿಯಹೇಳಿದವರು ಅವರ ಸತಿ ಲಕ್ಕಮ್ಮನವರು. ಗೃಹಸ್ಥರು ಇದನ್ನು ವಿಶೇಷವಾಗಿ ಮನನ ಮಾಡತಕ್ಕದ್ದು. ಎಷ್ಟು ಸಾಕೆಂಬುದನ್ನು ಒಲೆಯ ಬಳಿ ಕುಳಿತು ಸತಿಪತಿಗಳು ಕೂಡಿ ನಿರ್ಣಯಿಸಿದ ಮನೆಯಲ್ಲಿ ಮಕ್ಕಳು ಅದನ್ನು ಉಪದೇಶವಿಲ್ಲದೆಯೇ ಕಲಿಯುತ್ತಾರೆ.

ಇಲ್ಲಿ ಒಂದು ಆಕ್ಷೇಪವನ್ನು ಕಡೆಗಣಿಸಲಾಗದು. ಮಳೆ ಹೋಗಿ ತೆಂಗು ಒಣಗಿದ ರೈತನಿಗೆ, ಕೊಳವೆಬಾವಿಯ ಸಾಲದಲ್ಲಿ ಮುಳುಗಿದವನಿಗೆ, ಸಾಕೆನ್ನುವುದನ್ನು ಕಲಿ ಎಂದು ಬೋಧಿಸುವುದು ಧರ್ಮವೇ? ಖಂಡಿತವಾಗಿಯೂ ಅಲ್ಲ. ಶರಣರು ದಾರಿದ್ರ್ಯವನ್ನು ಎಂದೂ ಪೂಜಿಸಲಿಲ್ಲ. ಪ್ರತಿಯೊಬ್ಬನಿಗೂ ಕಾಯಕವನ್ನು ವಿಧಿಸಿದ ಧರ್ಮವು ಪ್ರತಿಯೊಬ್ಬನ ಮನೆಯಲ್ಲಿಯೂ ಒಲೆ ಉರಿಯಬೇಕೆಂದು ಬಯಸಿದ ಧರ್ಮವೇ ಆಗಿದೆ. ಲಕ್ಕಮ್ಮನವರು ಆ ಮಾತನ್ನು ಆಡಿದುದು ತಮ್ಮದೇ ಮನೆಯ ಅಕ್ಕಿಯನ್ನು ಕುರಿತು. ನೆರೆಮನೆಯ ಅಕ್ಕಿಯನ್ನು ಕುರಿತಲ್ಲ. ಸಾಕೆಂಬ ಮಾತನ್ನು ಆಡುವ ಅಧಿಕಾರವು ಉಳ್ಳವನಿಗೆ ತನ್ನ ವಿಷಯದಲ್ಲಿ ಮಾತ್ರವಿದೆ. ಇಲ್ಲದವನ ವಿಷಯದಲ್ಲಿ ಅವನಿಗಿರುವುದು ಹೊಣೆ.

ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಗಳಿಗೆ ಅರ್ಪಿಸಬೇಕೆಂಬುದು ತ್ರಿವಿಧ ದಾಸೋಹದ ತತ್ವ. ಈ ಮೂರರಲ್ಲಿ ಧನವೆಂಬುದು ಒಂದು ಮಾತ್ರ. ಧನವೊಂದನ್ನೇ ಬೆಳೆಸಿ, ತನುವನ್ನು ಅದರ ಸೇವೆಯಲ್ಲಿ ಸವೆಸಿ, ಮನವನ್ನು ಅದರ ಚಿಂತೆಗೆ ಒಪ್ಪಿಸಿದವನು ತನ್ನ ಸಂಪತ್ತಿನ ಎರಡು ಪಾಲನ್ನು ಕಳೆದುಕೊಂಡು ಒಂದು ಪಾಲನ್ನು ಎಣಿಸುತ್ತ ಕುಳಿತವನು. ನಿವೃತ್ತಿಯಾದ ಮೇಲೆ ದಾಸೋಹವನ್ನು ಆರಂಭಿಸುವೆನೆಂಬವರು ಅನೇಕರು. ಆದರೆ ಮೂವತ್ತು ವರ್ಷ ಬಾಗದ ಬೆನ್ನು ಅರುವತ್ತರಲ್ಲಿ ಬಾಗುವುದು ಸುಲಭವಲ್ಲ. ಪದವಿಯಲ್ಲಿರುವಾಗಲೇ ಅರ್ಜಿ ಹಿಡಿದು ಬಂದ ಬಡವನನ್ನು ಜಂಗಮವೆಂದು ಭಾವಿಸಿ ಅವನ ಕೆಲಸವನ್ನು ಲಂಚವಿಲ್ಲದೆ, ವಿಳಂಬವಿಲ್ಲದೆ ಮಾಡಿಕೊಟ್ಟವನಿಗೆ ಆ ಹುದ್ದೆಯೇ ಕಾಯಕವಾಗುತ್ತದೆ. ತೋಟದ ಆಳಿಗೆ ಅವನ ಬೆವರು ಆರುವ ಮೊದಲೇ ನ್ಯಾಯವಾದ ಕೂಲಿ ಕೊಟ್ಟವನಿಗೆ ಅಡಕೆಯ ತೋಟವೇ ಕಾಯಕದ ನೆಲೆಯಾಗುತ್ತದೆ. ಊರಿನ ಒಂದು ಬಡ ಮಗುವಿನ ಓದಿಗೆ ನೆರವಾಗಿ ಅದನ್ನು ಯಾರಿಗೂ ಹೇಳದಿದ್ದವನಿಗೆ ಧನವೂ ಪ್ರಸಾದವಾಗುತ್ತದೆ.

ಕುರ್ಚಿಯು ಒಂದು ದಿನ ಹೋಗುವುದು ನಿಶ್ಚಯ. ದೇಹವೆಂಬ ಕಡೆಯ ಪದವಿಯೂ ಹೋಗುವುದು ನಿಶ್ಚಯ. ಆದುದರಿಂದ ಸದ್ಭಕ್ತರು ಪ್ರತಿದಿನ ಲಿಂಗಪೂಜೆಗೆ ಕುಳಿತಾಗ ತಮ್ಮನ್ನು ತಾವು ಒಂದು ಮಾತು ಕೇಳಿಕೊಳ್ಳಲಿ: ಇಂದು ಈ ಪದವಿಯೂ ಈ ಗಂಟೂ ಇಲ್ಲವಾದರೆ ನನ್ನಲ್ಲಿ ಉಳಿಯುವುದೇನು? ಉತ್ತರವು ಬರಿದಾಗಿ ಕಂಡರೆ ಹೆದರಬೇಕಾದುದಿಲ್ಲ. ಪೂಜೆಯಿಂದೆದ್ದು ಆ ದಿನದ ಕೆಲಸಕ್ಕೆ ಹೋಗುವಾಗ ಅದನ್ನು ಕಾಯಕವೆಂದು ಬಗೆದು ಹೋಗಲು ಇನ್ನೂ ಅವಕಾಶವಿದೆ.