ಮಸಿಕರ್ಮಕ್ಕೆ ವಿರಾಮ ಸಲ್ಲುವುದೇ?

ಆದಿತೀರ್ಥಂಕರನು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿಯ ಮಗ್ಗುಲಲ್ಲೇ ಮಸಿ ಇದೆ. ಅದರ ನಂತರ ಕೃಷಿ. ಬರೆಹವನ್ನು ಆವೇಶವೆಂದು ಎತ್ತರದಲ್ಲಿ ಕೂರಿಸದೆ ನೇಗಿಲಿನ ನೆರೆಯಲ್ಲಿ ಇರಿಸಿದ ಈ ಎಣಿಕೆ ಗಮನಾರ್ಹವಾದುದು. ನೇಗಿಲು ಹಿಡಿದವನಿಗೆ ಬಿಡುವನ್ನು ಋತುವೇ ಗೊತ್ತುಮಾಡುತ್ತದೆ. ಲೇಖನಿ ಹಿಡಿದವನಿಗೆ ಹಾಗೆ ಗೊತ್ತುಮಾಡುವವರಿಲ್ಲ. ಒಂದು ದಿನ, ಒಂದು ಪಕ್ಷ, ಕೆಲವೊಮ್ಮೆ ಒಂದು ಸಂವತ್ಸರವೇ ಅವನಿಗೆ ಮಾತು ಒಲಿಯದೆ ಹೋಗುತ್ತದೆ. ಆಗ ಎದ್ದುಹೋಗುವುದು ವಿವೇಕವೋ, ಪ್ರಮಾದವೋ? ತತ್ತ್ವಾರ್ಥಸೂತ್ರವು ಪ್ರಮಾದವನ್ನು ಮಿಥ್ಯಾತ್ವ, ಅವಿರತಿಗಳೊಡನೆ ಬಂಧಹೇತುಗಳ ಸಾಲಿನಲ್ಲಿಯೇ ಇರಿಸಿರುವುದರಿಂದ ಶ್ರಾವಕನಿಗೆ ಇದು ಹಗುರವಾದ ಪ್ರಶ್ನೆಯಲ್ಲ.

ಕೊಡಗಿನ ಕಾಫಿ ತೋಟಗಳಲ್ಲಿ ಇದಕ್ಕೆ ಒಂದು ಬಗೆಯ ಉತ್ತರ ದೊರೆಯುತ್ತದೆ. ಮಳೆಗಾಲ ಕಳೆದ ಮೇಲೆ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಮೂಡಿ, ಸ್ವಲ್ಪ ಬೆಳೆದು, ಅಲ್ಲಿಗೇ ನಿಂತುಬಿಡುತ್ತದೆ. ಮಾಘ, ಫಾಲ್ಗುಣಗಳ ಒಣಹವೆಯಲ್ಲಿ ನೋಡಿದವನಿಗೆ ಅದು ಸತ್ತಂತೆಯೇ ತೋರುವುದು. ಮಾರ್ಚ್ ಏಪ್ರಿಲ್ ಸುಮಾರಿಗೆ ಹೂಮಳೆ ಒಂದು ಅಂಗುಲದಷ್ಟು ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಗಾಳಿಯೇ ಕಂಪಿಡುತ್ತದೆ. ಆ ನಡುವಿನ ಬರವು ವ್ಯರ್ಥವಲ್ಲ. ಒಣಗಾಲದ ಬಿಗಿಯನ್ನು ಉಂಡ ಮೊಗ್ಗುಗಳೇ ಮಳೆಗೆ ಒಟ್ಟಾಗಿ ಅರಳುತ್ತವೆ. ನಡುನಡುವೆ ತೇವ ಸಿಕ್ಕ ಗಿಡದಲ್ಲಿ ಹೂವು ಬಿಡಿಬಿಡಿಯಾಗಿ ಬಂದು ಕೊಯ್ಲೂ ಚೆದರುತ್ತದೆ. ತೋಟದವನಾದರೋ ಆ ತಿಂಗಳುಗಳಲ್ಲಿ ಮಲಗಿರುವುದಿಲ್ಲ. ಕೊಯ್ದ ಹಣ್ಣನ್ನು ಕಣದಲ್ಲಿ ಒಣಗಿಸುತ್ತಾನೆ, ಬೇಡದ ರೆಂಬೆಗಳನ್ನು ಸವರುತ್ತಾನೆ. ಮೊಗ್ಗನ್ನು ಮಾತ್ರ ಬೆರಳಿನಿಂದ ಬಿಡಿಸಲು ಹೋಗುವುದಿಲ್ಲ.

ಆದರೆ ಈ ಸಮಾಧಾನ ಸ್ವಲ್ಪ ಸುಲಭವಾಯಿತು. ಗಿಡಕ್ಕೆ ಮುಂದಿನ ಮಳೆಗಾಲ ಉಂಟು. ಮನುಷ್ಯನ ಆಯುಃಕರ್ಮ ಅಂತಹ ಭರವಸೆ ಕೊಡುವುದಿಲ್ಲ. ಅದೇ ಕೊಡಗಿನಲ್ಲಿ, ಸುಂಟಿಕೊಪ್ಪದ ಬಳಿಯ ಕಾಫಿ ತೋಟದ ಮನೆಯಲ್ಲಿ ಬಾಳಿದ ಕಥೆಗಾರ್ತಿ ಗೌರಮ್ಮನವರು 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದು, ಅವರನ್ನು ಬರಮಾಡಿಕೊಂಡು, ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ಗಟ್ಟಿ ಹೆಣ್ಣುಮಗಳು ಅವರು. ಮನೆವಾರ್ತೆಯ ನಡುವೆ ಅವರು ಬರೆದ ಕಥೆಗಳು ಸುಮಾರು 20. ಅಂತಹವರಿಗೆ ‘ಕಾಯಿರಿ, ತಾನಾಗಿ ಅರಳುತ್ತದೆ’ ಎಂದು ಹೇಳುವ ಧೈರ್ಯ ಯಾರಿಗಿದೆ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇಲ್ಲಿ ನೆರವಿಗೆ ಬರುತ್ತದೆ. ಉಪವಾಸದ ದಿನ ಆರಂಭಗಳನ್ನೂ ಅಲಂಕಾರ, ಸ್ನಾನಗಳನ್ನೂ ಬಿಡಬೇಕೆಂದು ವಿಧಿಸಿದ ಮೇಲೆ, ಆ ದಿನ ತೂಕಡಿಸದೆ ಧರ್ಮವನ್ನು ಕೇಳುತ್ತ, ಕೇಳಿಸುತ್ತ, ಜ್ಞಾನಧ್ಯಾನಗಳಲ್ಲಿ ತೊಡಗಿರಬೇಕೆಂದು ಅವರು ಹೇಳುತ್ತಾರೆ. ಕೆಲಸ ಬಿಟ್ಟದ್ದು ಹೌದು, ಎಚ್ಚರ ಬಿಟ್ಟದ್ದಲ್ಲ. ಅನಾದರ ಮತ್ತು ಮರೆವು ಪ್ರೋಷಧೋಪವಾಸದ ಅತಿಚಾರಗಳಲ್ಲಿ ಎಣಿಕೆಯಾಗಿರುವುದೂ ಈ ಕಾರಣದಿಂದಲೇ. ಅದೇ ಗ್ರಂಥದಲ್ಲಿ ಕಾಲದ ಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ, ಜೀವಾವಧಿಯದಕ್ಕೆ ಯಮವೆಂದೂ ಹೆಸರು. ‘ಈ ಚತುರ್ದಶಿಯವರೆಗೆ ಲೇಖನಿ ಮುಟ್ಟುವುದಿಲ್ಲ’ ಎಂದು ಗಡಿ ಹಾಕಿ ಎದ್ದವನು ನಿಯಮಸ್ಥನು. ಇಂದು ಬೇಡ, ನಾಳೆ ನೋಡೋಣವೆಂದು ಎದ್ದವನ ವಿರಾಮವು ಅವನಿಗೆ ತಿಳಿಯದಂತೆಯೇ ಯಮವಾಗಿ ಬೆಳೆಯುತ್ತದೆ.

ಇನ್ನೊಂದು ಮಾತು. ಲೇಖನಿ ನಿಲ್ಲುವುದು ಯಾವಾಗಲೂ ದಣಿವಿನಿಂದಲ್ಲ. ಹಿಂದೆ ಬರೆದದ್ದಕ್ಕಿಂತ ಇದು ಕೀಳಾದೀತು, ನಾಲ್ಕು ಜನ ನಕ್ಕಾರು ಎಂಬ ಅಂಜಿಕೆಯೇ ಹಲವರ ಕೈಯನ್ನು ಹಿಡಿದಿರುತ್ತದೆ. ಅದು ಮಾನಕಷಾಯ. ದಣಿದವನಿಗೆ ವಿಶ್ರಾಂತಿ ಔಷಧವಾದರೆ ಇವನಿಗೆ ಅದೇ ಅಪಥ್ಯ. ಇವನು ಎದ್ದುಹೋಗದೆ ಕುಳಿತು ಕೆಟ್ಟ ಪುಟವೊಂದನ್ನು ಬರೆದೇ ತೀರಬೇಕು. ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಪಂಪನು ಹೇಳಿಕೊಂಡಿದ್ದಾನೆ. ಅದನ್ನು ಓದಿ ಕೈಚೆಲ್ಲುವವರು, 941ರ ಆ ಮೂರು ತಿಂಗಳ ಹಿಂದೆ ಕವಿಯ ಬಾಳಿನ ಸುಮಾರು 39 ವರ್ಷಗಳಿದ್ದುವೆಂಬುದನ್ನು ಮರೆಯುತ್ತಾರೆ.

ಆಯುಷ್ಯದ ಪ್ರಶ್ನೆ ಹಾಗೆಯೇ ಉಳಿಯಿತು. ಧವಲಾ ಟೀಕೆಯಲ್ಲಿ ಅದಕ್ಕೆ ಸಂಬಂಧಿಸಿದ ವೃತ್ತಾಂತವೊಂದಿದೆ. ಧರಸೇನಾಚಾರ್ಯರಿಂದ ಆಷಾಢ ಶುಕ್ಲ ಏಕಾದಶಿಯಂದು ಅಧ್ಯಯನ ಮುಗಿಸಿದ ಪುಷ್ಪದಂತ, ಭೂತಬಲಿಗಳು ಅಂಕುಲೇಶ್ವರದಲ್ಲಿ ಆ ವರ್ಷಾಕಾಲವನ್ನು ಕಳೆದರು. ಬಳಿಕ ಪುಷ್ಪದಂತರು ವನವಾಸಿ ದೇಶಕ್ಕೆ ಬಂದು, 177 ಸೂತ್ರಗಳನ್ನು ರಚಿಸಿ, ಶಿಷ್ಯ ಜಿನಪಾಲಿತನ ಕೈಯಲ್ಲಿ ದ್ರಾವಿಡ ದೇಶದಲ್ಲಿದ್ದ ಭೂತಬಲಿಗಳಿಗೆ ಕಳುಹಿಸಿದರು. ಅವನ್ನು ನೋಡಿದ ಭೂತಬಲಿಗಳು ತಮ್ಮ ಸಹಾಧ್ಯಾಯಿಗೆ ಆಯುಷ್ಯ ಅಲ್ಪವೆಂಬುದನ್ನು ತಿಳಿದು, ಮುಂದಿನ ಸೂತ್ರಗಳನ್ನು ತಾವೇ ಬರೆಯಲು ಕುಳಿತರು. ಹಾಗೆ ಪೂರ್ಣಗೊಂಡ ಷಟ್ಖಂಡಾಗಮಕ್ಕೆ ಜ್ಯೇಷ್ಠ ಶುಕ್ಲ ಪಂಚಮಿಯಂದು ಇಂದಿಗೂ ಬಸದಿಗಳಲ್ಲಿ ಪೂಜೆ ಸಲ್ಲುತ್ತದೆ.